ರವೆನ್ನಾ: ಗಾಜಿನ ಚೂರುಗಳಲ್ಲಿ ಅರಳಿದ ಬೆಳಕು

ಇಟಲಿ ಪ್ರವಾಸವೆಂದರೆ ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್. ಆಡ್ರಿಯಾಟಿಕ್ ಕರಾವಳಿಗೆ ಹತ್ತಿರವಿರುವ ರವೆನ್ನಾದತ್ತ ಹೊರಳುವವರು ಕಡಿಮೆ. ಮೊಸಾಯಿಕ್ ಕಲೆ ಮುಟ್ಟಿದ ಎತ್ತರವನ್ನು ಕಾಣಬೇಕೆನ್ನುವವರು ಮಾತ್ರ ಈ ಊರನ್ನು ಬಿಡುವಂತಿಲ್ಲ. 5 ಮತ್ತು 6ನೇ ಶತಮಾನದ ಇಲ್ಲಿನ ಎಂಟು ಸ್ಮಾರಕಗಳು 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಈ ವೈಭವಕ್ಕೆ ಮೂಲ ಸುತ್ತಲಿನ ಜೌಗು ನೆಲ. ಉತ್ತರದ ದಾಳಿಗಳಿಗೆ ಅಂಜಿದ ಚಕ್ರವರ್ತಿ ಹೊನೋರಿಯಸ್, 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯನ್ನು ಮಿಲಾನ್‌ನಿಂದ ಇಲ್ಲಿಗೆ ತಂದ. ಕೆಸರು ಕೋಟೆಯಂತೆ ಊರನ್ನು ಕಾಯಿತು. ಪಕ್ಕದ ಕ್ಲಾಸೆ ಬಂದರು ಸಮುದ್ರದ ದಾರಿ ಒದಗಿಸಿತು. 476ರಲ್ಲಿ ಸಾಮ್ರಾಜ್ಯ ಉರುಳಿದ ಮೇಲೆ ಆಸ್ಟ್ರೊಗಾತ್ ದೊರೆ ಥಿಯೊಡೊರಿಕ್ ಇಲ್ಲಿಂದಲೇ ಆಳಿದ. 540ರಲ್ಲಿ ಊರು ಬೈಜಾಂಟಿಯನ್ನರ ಕೈಸೇರಿತು. ಬಂದವರೆಲ್ಲ ತಮ್ಮ ನಂಬಿಕೆಯನ್ನೂ ಅಧಿಕಾರವನ್ನೂ ಗೋಡೆಗಳ ಮೇಲೆ ಮೂಡಿಸಿದರು.

ಮೊಸಾಯಿಕ್ ಎಂದರೆ ಬಣ್ಣದ ಗಾಜು, ಕಲ್ಲುಗಳ ಪುಟ್ಟ ಚೂರುಗಳನ್ನು ಹಸಿ ಸುಣ್ಣದ ಗಾರೆಯಲ್ಲಿ ಒಂದೊಂದಾಗಿ ಕೂರಿಸುವ ಕೆಲಸ. ಹೊನ್ನಿನ ಹೊಳಪಿಗಾಗಿ ಎರಡು ಪದರ ಗಾಜಿನ ನಡುವೆ ಚಿನ್ನದ ರೇಕನ್ನಿಟ್ಟು ಕಾಯಿಸುತ್ತಿದ್ದರು. ಕುಶಲಕರ್ಮಿಯ ಜಾಣ್ಮೆ ಇರುವುದು ಚೂರನ್ನು ಕೂರಿಸುವ ಓರೆಯಲ್ಲಿ. ಒಂದೊಂದು ಚೂರೂ ಒಂದೊಂದು ದಿಕ್ಕಿಗೆ ತುಸು ವಾಲಿರುವುದರಿಂದ ಬೆಳಕು ಚದುರುತ್ತದೆ. ನೋಡುವವರು ಎರಡು ಹೆಜ್ಜೆ ಸರಿದರೂ ಗೋಡೆಯ ಮಿನುಗು ಜಾಗ ಬದಲಿಸುತ್ತದೆ. ಫೋಟೊದಲ್ಲಿ ಇದು ಸಿಗುವುದಿಲ್ಲ.

ಗಾಲಾ ಪ್ಲಾಸಿಡಿಯಾ ಸ್ಮಾರಕ ಹೊರಗಿನಿಂದ ಶಿಲುಬೆಯಾಕಾರದ ಪುಟ್ಟ ಇಟ್ಟಿಗೆ ಕಟ್ಟಡ, ಅಷ್ಟೆ. ಒಳಗೆ ಕಾಲಿಟ್ಟರೆ ಕಡುನೀಲಿ ಚಾವಣಿಯ ತುಂಬ ಚಿನ್ನದ ನಕ್ಷತ್ರಗಳು. ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾದ ಅಲಬಾಸ್ಟರ್ ಶಿಲೆಯ ಹಲಗೆಗಳಿದ್ದು, ಬಿಸಿಲು ಜೇನುಬಣ್ಣಕ್ಕೆ ತಿರುಗಿ ಒಳಬರುತ್ತದೆ.

ಸಮೀಪದಲ್ಲೇ, 547ರಲ್ಲಿ ಪ್ರತಿಷ್ಠಾಪನೆಗೊಂಡ ಎಂಟು ಮೂಲೆಯ ಸ್ಯಾನ್ ವಿತಾಲೆ ಚರ್ಚು ಇದೆ. ಅದರ ಗರ್ಭಭಾಗದ ಒಂದು ಗೋಡೆಯಲ್ಲಿ ಬೈಜಾಂಟಿಯನ್ ಚಕ್ರವರ್ತಿ ಜಸ್ಟಿನಿಯನ್, ಎದುರು ಗೋಡೆಯಲ್ಲಿ ರಾಣಿ ಥಿಯೊಡೋರಾ ಪರಿವಾರ ಸಮೇತ ನಿಂತಿದ್ದಾರೆ. ಇಬ್ಬರೂ ರವೆನ್ನಾಕ್ಕೆ ಎಂದೂ ಬಂದವರಲ್ಲ. ಊರಿನ ಮೇಲೆ ಅವರ ಹಿಡಿತ ಸಾರಲು ಈ ಚಿತ್ರಗಳೇ ಸಾಕಾದವು. ರಾಣಿಯ ನಿಲುವಂಗಿಯ ಅಂಚನ್ನು ತಪ್ಪದೆ ನೋಡಿ: ಶಿಶು ಯೇಸುವಿಗೆ ಕಾಣಿಕೆ ಒಯ್ಯುವ ಮೂವರು ಜ್ಞಾನಿಗಳನ್ನು ಅಲ್ಲಿ ಕಸೂತಿಯಂತೆ ಬಿಡಿಸಲಾಗಿದೆ.

ಸಂತ ಅಪೊಲಿನಾರೆ ನುವೊವೊ ಚರ್ಚು ಹೇಳುವುದು ಬೇರೆಯದೇ ಕಥೆ. ಇದನ್ನು ಕಟ್ಟಿಸಿದ ಥಿಯೊಡೊರಿಕ್ ಏರಿಯನ್ ಎಂಬ ಕ್ರೈಸ್ತ ಪಂಥದವನು. ಬೈಜಾಂಟಿಯನ್ನರು ಬಂದ ಬಳಿಕ ಚರ್ಚು ಎದುರು ಪಂಥಕ್ಕೆ ಸೇರಿತು. ಗೋಡೆಯ ಮೇಲಿನ ಅರಮನೆಯ ಚಿತ್ರದಲ್ಲಿದ್ದ ಮನುಷ್ಯರನ್ನು ಕಿತ್ತು, ಆ ಜಾಗಕ್ಕೆ ಪರದೆಗಳನ್ನು ಜೋಡಿಸಲಾಯಿತು. ಆದರೆ ಚಿತ್ರದ ಕಂಬಗಳ ಮೇಲೆ ಚಾಚಿದ್ದ ಕೆಲವು ಕೈಗಳು ಹಾಗೇ ಉಳಿದುಬಿಟ್ಟವು. ಒಡೆಯನಿಲ್ಲದ ಆ ಬೆರಳುಗಳು ಇಂದಿಗೂ ಕಂಬಗಳ ಮೇಲಿವೆ. ಚರಿತ್ರೆಯನ್ನು ತಿದ್ದುವ ಕೈಗಳು ಎಷ್ಟೇ ಬಲವಾಗಿದ್ದರೂ ಸುಳಿವು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೊಸಾಯಿಕ್‌ಗಳಾಚೆ ಇನ್ನೊಂದು ನೆನಪೂ ಇಲ್ಲಿದೆ: ಫ್ಲಾರೆನ್ಸಿನಿಂದ ಗಡೀಪಾರಾದ ಮಹಾಕವಿ ದಾಂಟೆ 1321ರಲ್ಲಿ ಕಣ್ಣುಮುಚ್ಚಿದ್ದು ಈ ಊರಿನಲ್ಲೇ. ಅವನ ಸಮಾಧಿಯ ದೀಪಕ್ಕೆ ಪ್ರತಿ ವರ್ಷ ಎಣ್ಣೆ ಒಪ್ಪಿಸುವುದು ಅದೇ ಫ್ಲಾರೆನ್ಸ್.

ಹೆಚ್ಚಿನ ಸ್ಮಾರಕಗಳನ್ನು ಕಾಲ್ನಡಿಗೆಯಲ್ಲೇ ಸುತ್ತಬಹುದು. ಅಪೊಲಿನಾರೆಯ ಹೆಸರಿನದೇ ಇನ್ನೊಂದು ಬೆಸಿಲಿಕಾ ಇರುವ ಕ್ಲಾಸೆಗೆ ಮಾತ್ರ ಊರಾಚೆ ಹೋಗಬೇಕು. ಬೊಲೋನ್ಯಾದಿಂದ ನೇರ ರೈಲುಗಳಿವೆ. ಇಟಲಿಗೆ ಹೊರಟವರು ಒಂದಿಡೀ ದಿನವನ್ನು ರವೆನ್ನಾಕ್ಕೆ ಮೀಸಲಿಡಿ. ಒಳಹೊಕ್ಕ ಕೂಡಲೇ ಮೊಬೈಲ್ ಎತ್ತಬೇಡಿ. ಕಣ್ಣು ಕತ್ತಲೆಗೆ ಹೊಂದುವ ತನಕ ನಿಂತು, ಆಮೇಲೆ ತಲೆಯೆತ್ತಿ ನೋಡಿ.