ಹುಣಸೆಹುಳಿಯೂ ಹಳೆಯ ದುಡ್ಡೂ

ಕೊಟ್ಟೂರಿಗೆ ಸಮೀಪದ ಹಳ್ಳಿಯೊಂದರಿಂದ ವಾಚಕರೊಬ್ಬರು ಕಾಗದ ಬರೆದು, ತಮ್ಮ ಭಾವಮೈದುನನು ಲೋಹಶೋಧಕ ಯಂತ್ರವೊಂದನ್ನು ತರಿಸಿಕೊಂಡು ತಮ್ಮ ಎರೆಹೊಲದಲ್ಲಿ ಎರಡು ದಿನ ಅಡ್ಡಾಡಿದನೆಂದೂ, ಆ ಅಡ್ಡಾಟದ ಫಲವಾಗಿ ಅರ್ಧಚಂದ್ರಾಕೃತಿಯ ಕಬ್ಬಿಣದ ತಗಡುಗಳು ನಾಲ್ಕು, ಒಂದೇ ಕಡೆ ಹಸುರುಗಟ್ಟಿ ಕೂತಿದ್ದ ಬಿಲ್ಲೆಗಳು ಮೂರು, ಅಂಗೈಯಗಲದ ಕರಿಯ ಭಾರದ ಕಲ್ಲು ಒಂದು ದೊರೆತವೆಂದೂ, ಇವು ಯಾವ ಕಾಲದವು, ಬೆಲೆಯೆಷ್ಟಾದೀತು, ಕಲ್ಲು ಆಕಾಶದಿಂದ ಬಿದ್ದುದೆಂದು ಊರಿನ ಹುಡುಗರು ಹೇಳುವುದು ನಿಜವೆ ಎಂದೂ ಕೇಳಿದ್ದರು. ಕಾಗದದ ಕೊನೆಯಲ್ಲಿ, ಬಿಲ್ಲೆಗಳ ಪೈಕಿ ಎರಡನ್ನು ತಮ್ಮ ತಾಯಿಯವರು ಹುಣಸೆಹುಳಿ ಹಚ್ಚಿ ತಿಕ್ಕಿ ಹೊಸ ತಂಬಿಗೆಯಂತೆ ಹೊಳೆಯಿಸಿರುವರೆಂದು ಸಂತೋಷದಿಂದ ತಿಳಿಸಿದ್ದರು. ಉಳಿದ ಪ್ರಶ್ನೆಗಳಿಗೆ ನಾನು ಕಾಗದದಲ್ಲಿಯೇ ಉತ್ತರಿಸಬಹುದಾಗಿತ್ತು. ಈ ಕೊನೆಯ ವಾಕ್ಯವನ್ನು ಓದಿದ ಮೇಲೆ ಮಾತ್ರ, ಮೂರನೆಯ ಬಿಲ್ಲೆಗೂ ಅದೇ ಗತಿಯಾಗುವ ಮುನ್ನ ಹೋಗಿ ನೋಡಬೇಕೆನಿಸಿ ಬಸ್ಸು ಹತ್ತಿದೆನು.

ಯಂತ್ರದ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಅದರ ತುದಿಯ ತಂತಿಸುರುಳಿಯು ನೆಲದೊಳಕ್ಕೆ ಏರಿಳಿಯುವ ಕಾಂತಕ್ಷೇತ್ರವನ್ನು ಕಳಿಸುತ್ತದೆ, ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿವಿದ್ಯುತ್ತು ಹುಟ್ಟಿ ಮರುಕ್ಷೇತ್ರವನ್ನು ಬೀರುತ್ತದೆ, ಯಂತ್ರ ಕೂಗುತ್ತದೆ. ಅಷ್ಟೆ. ಚಿನ್ನದ ವರಾಹಕ್ಕೂ ಅಲ್ಯುಮಿನಿಯಮ್ ತಗಡಿನ ಚೂರಿಗೂ ಅದು ಎಷ್ಟೋ ಸಲ ಒಂದೇ ದನಿಯಲ್ಲಿ ಕೂಗುವುದೆಂಬುದನ್ನು ಮಾರುವವರು ಹೇಳುವುದಿಲ್ಲ. ಭಾವಮೈದುನನ ಚೀಲದಲ್ಲಿ ಮೇಲೆ ಹೇಳಿದ ವಸ್ತುಗಳಲ್ಲದೆ ಸೋಡಾ ಬಾಟಲಿಯ ಬಿರಡೆಗಳು ಮೂವತ್ತಕ್ಕೆ ಕಡಿಮೆಯಿರಲಿಲ್ಲ.

ಅರ್ಧಚಂದ್ರದ ತಗಡುಗಳನ್ನು ಆ ಮನೆಯವರು ಪಾಳೆಯಗಾರರ ಕಾಲದ ಆಯುಧದ ತುಣುಕುಗಳೆಂದು ಭಾವಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರು ಆಳಿದ ನಾಡಿನಲ್ಲಿ ಹಾಗೆ ಭಾವಿಸುವುದು ತಪ್ಪೇನೂ ಅಲ್ಲ. ಆದರೆ ನಾನು ಒಂದನ್ನು ಕೈಗೆ ತೆಗೆದುಕೊಂಡು ಹೊರ ಅಂಚಿನ ಉದ್ದಕ್ಕೂ ಇದ್ದ ಮೊಳೆಯ ತೂತುಗಳನ್ನು ತೋರಿಸುವುದರೊಳಗಾಗಿ, ಜಗುಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಕ್ಕು, "ಎತ್ತಿನ ಲಾಳ ಅದು ಸರ" ಎಂದರು. ಕುದುರೆಯ ಗೊರಸು ಒಂದೇ ಆದುದರಿಂದ ಅದರ ಲಾಳವೂ ಒಂದೇ ಕಮಾನು. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತೆಳು ತಗಡುಗಳು ಬೇಕು. ಬಂಡಿ ಕಟ್ಟಿ ಕಲ್ಲುದಾರಿಯಲ್ಲಿ ದುಡಿದ ಎತ್ತುಗಳು ಕಳಚಿಕೊಂಡ ಲಾಳಗಳು ನಮ್ಮ ಬಯಲುಸೀಮೆಯ ಹೊಲಹಾದಿಗಳಲ್ಲಿ ಎಷ್ಟು ಹುದುಗಿವೆಯೆಂದರೆ, ನೆಲದಿಂದ ಬಂದ ಕಬ್ಬಿಣವನ್ನು ಕತ್ತಿಯೆನ್ನುವ ಮೊದಲು ಲಾಳ, ಕಡಾಣಿ, ನೇಗಿಲ ಕುಳ, ಕುಂಟೆಯ ಕುಡ ಇವುಗಳನ್ನು ಬಲ್ಲ ಮುದುಕರೊಬ್ಬರಿಗೆ ತೋರಿಸುವುದು ಯಾವ ಗ್ರಂಥವನ್ನು ತಿರುವಿಹಾಕುವುದಕ್ಕಿಂತಲೂ ಮೇಲು.

ಕರಿಯ ಕಲ್ಲು ಆಕಾಶದಿಂದ ಬಿದ್ದುದಲ್ಲ. ಅದು ಕಬ್ಬಿಣದ ಕಿಟ್ಟ. ಒಡೆದ ಮಗ್ಗುಲಿನಲ್ಲಿ ದೋಸೆಯ ತೂತುಗಳಂತೆ ಗುಳ್ಳೆಗಳಿದ್ದುವು. ಉಲ್ಕಾಶಿಲೆಯಲ್ಲಿ ಇಂಥ ಗುಳ್ಳೆಗಳಿರುವುದಿಲ್ಲ. ಆದರೂ ಹುಡುಗರು ನಿರಾಶರಾಗಬೇಕಿಲ್ಲ. ಸಂಡೂರಿನ ಗುಡ್ಡಗಳ ಅದಿರು ಇಷ್ಟು ಹತ್ತಿರವಿರುವ ಈ ಸೀಮೆಯಲ್ಲಿ ಮಣ್ಣಿನ ಕುಲುಮೆ ಹೂಡಿ, ತಿದಿಯೊತ್ತಿ, ಕಬ್ಬಿಣ ಕರಗಿಸಿದವರು ಬಿಟ್ಟುಹೋದ ಕಸ ಅದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳಿಗೆ ಸುಮಾರು ಮೂರು ಸಾವಿರ ವರ್ಷಗಳ ವಯಸ್ಸೆಂದು ಗೊತ್ತಾದಮೇಲೆ, ಕಿಟ್ಟದ ಉಂಡೆಯೊಂದನ್ನು ಹೊಲದ ಬದುವಿಗೆ ಎಸೆಯಲು ನನಗಂತೂ ಮನಸ್ಸು ಬಾರದು.

ಇನ್ನು ಬಿಲ್ಲೆಗಳು. ತೊಳೆದ ಎರಡರಲ್ಲಿ ಮೊದಲನೆಯದು ಅಚ್ಚುಕಟ್ಟಾಗಿ ದುಂಡಗಿತ್ತು. ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದ ನಾಣ್ಯದ ಅಂಚು ಎಲ್ಲಾದರೊಂದೆಡೆ ಸೊಟ್ಟಗಿರುವುದು, ಮುದ್ರೆ ಒಂದು ಕಡೆಗೆ ಜಾರಿರುವುದು. ಇಷ್ಟು ದುಂಡಗೆ ಕೊರೆಯಬೇಕಾದರೆ ಯಂತ್ರವೇ ಬೇಕು. ಒಂದು ಮಗ್ಗುಲಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಂಹಲಾಂಛನದ ನೆರಳು, ಇನ್ನೊಂದರಲ್ಲಿ ಪಾರಸಿ ಲಿಪಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಇಪ್ಪತ್ತು ಕಾಸು ಎಂಬ ಬರಹ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು, ಇದು ದತ್ತಮಂಡಲವೆನಿಸಿ ಮದರಾಸಿನ ಅಧೀನಕ್ಕೆ ಬಂದ ಮೇಲೆ ನಮ್ಮವರ ಸೊಂಟದ ಚೀಲಕ್ಕೆ ಇಳಿದ ದುಡ್ಡು ಇದು. ಇದನ್ನು ಅಚ್ಚುಹಾಕಿದ್ದು ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ, ಜೇಮ್ಸ್ ವಾಟನ ಪಾಲುಗಾರನಾಗಿದ್ದ ಮ್ಯಾಥ್ಯೂ ಬೌಲ್ಟನ್ನನ ಉಗಿಯಂತ್ರದಿಂದ. ಇದೇ ಜಾತಿಯ ಕಾಸುಗಳನ್ನು ಹೊತ್ತು ಮದರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್ವಿನ್ ಮರಳದಿಣ್ಣೆಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರ ರಾಶಿಗಟ್ಟಲೆ ಕಾಸನ್ನು ಮೇಲೆತ್ತಿದರು. ಒಂದೇ ಬಸಿರಿನ ಕೂಸುಗಳಲ್ಲಿ ಕೆಲವು ಸಮುದ್ರದ ಪಾಲಾಗಿ, ಒಂದು ಕೊಟ್ಟೂರಿನ ಎರೆಮಣ್ಣು ಸೇರಿದುದನ್ನು ನೆನೆದು ನಾನು ಹಿಗ್ಗುತ್ತಿರುವಾಗಲೇ ಇಸವಿಯ ಕಡೆ ಕಣ್ಣುಹೋಯಿತು. ಒಂದು, ಎಂಟು, ಸೊನ್ನೆ ಸ್ಪಷ್ಟವಾಗಿದ್ದುವು. ನಾಲ್ಕನೆಯ ಅಂಕಿ ಮೂರೋ ಎಂಟೋ ತಿಳಿಯದಂತೆ ಎಡಮಗ್ಗುಲು ಸವೆದುಹೋಗಿತ್ತು. ಈ ಕಾಸುಗಳನ್ನು 1803ರಲ್ಲಿಯೂ ಹಾಕಿದ್ದರು, 1808ರಲ್ಲಿಯೂ ಹಾಕಿದ್ದರು.

ಎರಡನೆಯದರಲ್ಲಿ ಆನೆಯೊಂದು ನಿಂತಿತ್ತು. ಆನೆಯನ್ನು ಕಂಡೊಡನೆ ಟಿಪ್ಪುವಿನ ದುಡ್ಡೆನ್ನುವುದು ನಮ್ಮಲ್ಲಿ ರೂಢಿ. ವಿಜಯನಗರದ ದೇವರಾಯರ ತಾಮ್ರದ ನಾಣ್ಯಗಳಲ್ಲಿಯೂ ಆನೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿಯೂ ಇದೆ, ನೆತ್ತಿಯ ಮೇಲೆ ಸೂರ್ಯಚಂದ್ರರು, 'ಶ್ರೀ' ಎಂಬ ಅಕ್ಷರ, ಹಿಂಭಾಗದಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಬರಹ. ಟಿಪ್ಪುವಿನ ಆನೆಯ ಹಿಂಬದಿಗೆ ಟಂಕಸಾಲೆಯ ಹೆಸರು ಪಾರಸಿಯಲ್ಲಿರುತ್ತದೆ, ಶ್ರೀರಂಗಪಟ್ಟಣ, ನಗರ, ಇಲ್ಲವೆ ಇಲ್ಲಿಗೆ ದೂರವಲ್ಲದ ಗುತ್ತಿ. ಆಳ್ವಿಕೆಯ ಕೊನೆಯ ವರ್ಷಗಳಲ್ಲಂತೂ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅಂತೂ ಆನೆ ಯಾರ ಲಾಯದ್ದೆಂಬುದನ್ನು ಹೇಳಬೇಕಾದುದು ಆನೆಯಲ್ಲ, ಅದರ ಸುತ್ತಲಿನ ಅಕ್ಷರ. ಈ ಬಿಲ್ಲೆಯಲ್ಲಿ ಆನೆ ಫಳಫಳನೆ ಹೊಳೆಯುತ್ತಿತ್ತು, ಅಕ್ಷರವೊಂದೂ ಉಳಿದಿರಲಿಲ್ಲ.

"ಕಿಲುಬು ಹತ್ತಿದ್ದನ್ನ ದೇವರ ಮುಂದ ಹ್ಯಾಂಗ ಇಡಾದು ಸರ?" ಎಂದು ಆ ತಾಯಿ ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ, ಅಡುಗೆಮನೆಯ ಧರ್ಮದಲ್ಲಿ ಕಿಲುಬು ಕೊಳೆಯೇ ಸರಿ. ಮಣ್ಣಿನ ಧರ್ಮ ಬೇರೆ. ನೆಲದಲ್ಲಿ ಬಿದ್ದ ತಾಮ್ರವು ಮೊದಲು ಆಮ್ಲಜನಕದೊಡನೆ ಕೂಡಿ ಕೆಂಪುಪೊರೆಯನ್ನು ಹೊದೆಯುತ್ತದೆ. ಆಮೇಲೆ ನೀರೂ ಅಂಗಾರಾಮ್ಲವೂ ಸೇರಿ ಅದರ ಮೇಲೆ ಹಸುರುಪೊರೆ ಬೆಳೆಯುತ್ತದೆ. ಹೀಗೆ ಬೆಳೆಯುವಾಗ ಲೋಹವು ಒಳಕ್ಕೆ ಸರಿಯುತ್ತ ಹೋಗಿ, ನಾಣ್ಯದ ಮೂಲ ಮೈ, ಅಂದರೆ ಟಂಕಸಾಲೆಯವನು ಒತ್ತಿದ ಅಕ್ಷರಗಳ ಏರುತಗ್ಗು, ಬಹುಕಾಲ ಹೂತಿದ್ದ ನಾಣ್ಯದಲ್ಲಿ ಲೋಹದ ಮೇಲಿರದೆ ಆ ಕಿಲುಬಿನ ಪದರದೊಳಗೇ ಉಳಿದುಕೊಳ್ಳುತ್ತದೆ. ಹುಣಸೆಹುಳಿಯ ಆಮ್ಲಕ್ಕೆ ಇದರ ಅರಿವಿಲ್ಲ. ಅದು ಕಿಲುಬನ್ನು ಕರಗಿಸುತ್ತದೆ, ಕಿಲುಬಿನೊಡನೆ ಅಕ್ಷರವನ್ನೂ ಕರಗಿಸುತ್ತದೆ, ಅಡಿಯಿಂದ ಮೇಲೆದ್ದ ಹೊಸ ತಾಮ್ರವನ್ನು ಕಂಡು ನಾವು ನಾಣ್ಯ ಶುದ್ಧವಾಯಿತೆನ್ನುತ್ತೇವೆ.

ಮೂರನೆಯ ಬಿಲ್ಲೆಯನ್ನು ಅವರು ಕಾಗದದ ಪೊಟ್ಟಣದಿಂದ ಬಿಚ್ಚಿ ಕೊಟ್ಟಾಗ ನಾನು ಹೆಚ್ಚೇನನ್ನೂ ನಿರೀಕ್ಷಿಸಿರಲಿಲ್ಲ. ದಪ್ಪನೆಯ ಹಸುರು ಹೆಪ್ಪು. ಮುದ್ರೆಯ ಸುಳಿವೂ ಇಲ್ಲ. ಭೂತಗನ್ನಡಿ ಹಿಡಿದು ಬಿಸಿಲಿಗೆ ಓರೆಮಾಡಿದೆನು. ಹಸುರಿನ ಮೇಲೆ ನೇಯ್ಗೆ ಮೂಡಿತ್ತು. ಹಾಸು, ಹೊಕ್ಕು, ಒಂದರ ಮೇಲೊಂದು ಹಾಯ್ದ ಎಳೆಗಳು, ಒಂದೆಡೆ ಎಳೆ ಕಿತ್ತು ಗಂಟಾದುದೂ ಕಾಣುವಂತೆ. ಒಂದು ಜೋಳದ ಕಾಳಿನಗಲದ ಜಾಗದಲ್ಲಿ ಉದ್ದಕ್ಕೆ ಎಂಟು, ಅಡ್ಡಕ್ಕೆ ಏಳು ಎಣಿಸಿದೆನು. ಬಟ್ಟೆಯೆಂಬುದು ಮಣ್ಣಿನಲ್ಲಿ ನಾಲ್ಕು ಮಳೆಗಾಲ ಬಾಳದ ವಸ್ತು. ಆದರೆ ತಾಮ್ರದ ಲವಣ ಕ್ರಿಮಿಗಳಿಗೆ ವಿಷವಾದುದರಿಂದ, ತಾಮ್ರಕ್ಕೆ ಅಂಟಿದ ಬಟ್ಟೆ ಕೊಳೆಯುವುದು ತಡವಾಗುತ್ತದೆ. ತಡವಾದ ಆ ಅವಧಿಯಲ್ಲಿ ಲವಣವು ನೂಲಿನೊಳಕ್ಕೆ ಇಳಿದು, ನೂಲು ಕಡೆಗೆ ಇಲ್ಲವಾದಾಗ ಅದರ ಸ್ಥಾನದಲ್ಲಿ ಅದೇ ಆಕಾರದಲ್ಲಿ ತಾನು ನಿಂತುಬಿಡುತ್ತದೆ. ಮೊಹೆಂಜೊದಾರೊದಲ್ಲಿ ಹತ್ತಿಯ ಬಟ್ಟೆಯಿತ್ತೆಂದು ಜಗತ್ತಿಗೆ ತಿಳಿದುದೂ ಹೀಗೆಯೇ: ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡ ಬಟ್ಟೆಯ ಚೂರನ್ನು ಬೆಳ್ಳಿಯ ಲವಣಗಳು ಕಾಪಾಡಿದ್ದುವು. ಇಲ್ಲಿಯೂ ಯಾರೋ ಮೂರು ಕಾಸನ್ನು ಚೌಕದ ತುದಿಗೆ ಕಟ್ಟಿಕೊಂಡಿದ್ದರು, ಅಥವಾ ಸೆರಗಿನ ತುದಿಗೆ. ಗಂಟಿನಲ್ಲಿ ಕಂಪನಿಯ ಕಾಸಿದ್ದುದರಿಂದ ಆ ಗಂಟು 1803ಕ್ಕೆ ಮೊದಲಿನದಲ್ಲ; ಆನೆ ಒಡೆಯರದಾಗಿದ್ದರೆ ಇನ್ನಷ್ಟು ಈಚಿನದಾಗಿರಬಹುದು. ಆ ಎರಡು ಬಿಲ್ಲೆಗಳು ಇನ್ನಷ್ಟನ್ನು ಹೇಳಬಹುದಾಗಿತ್ತು.

ಇಷ್ಟು ಸೊಗಸಾದ ಸತ್ಯ ಕಾಲಡಿಯಲ್ಲಿರುವಾಗ ನಮ್ಮ ಜನ ನಂಬಲು ಆರಿಸಿಕೊಳ್ಳುವುದೇನನ್ನು? ಸಿಡಿಲು ಬಡಿದ ತಾಮ್ರದ ಚೊಂಬು ಇರಿಡಿಯಮ್ ಆಗಿ ಅಕ್ಕಿಯನ್ನು ಸೆಳೆಯುತ್ತದೆಂಬ 'ರೈಸ್ ಪುಲ್ಲರ್' ಕಥೆಯನ್ನು. ಸಿಡಿಲಿಗೆ ಒಂದು ಲೋಹವನ್ನು ಇನ್ನೊಂದು ಮಾಡುವ ಶಕ್ತಿಯಿಲ್ಲ, ಇರಿಡಿಯಮ್ಮಿಗೆ ಅಕ್ಕಿಯ ಮೇಲೆ ಯಾವ ಮೋಹವೂ ಇಲ್ಲ. ಅಕ್ಕಿಗೆ ಕಬ್ಬಿಣದ ಹುಡಿ ಸವರಿ ಚೊಂಬಿನಲ್ಲಿ ಅಯಸ್ಕಾಂತ ಬಚ್ಚಿಟ್ಟವನಿಗೆ ನಿಮ್ಮ ಹಣದ ಮೇಲೆ ಮೋಹವಿದೆ. ನಾಸಾ ಸಂಸ್ಥೆಯೇ ಅದನ್ನು ಕೋಟಿ ಕೊಟ್ಟು ಕೊಳ್ಳುತ್ತದೆಂದು ಅವನು ಹೇಳಿದರೆ ಪೊಲೀಸ್ ಠಾಣೆಯ ದಾರಿ ತೋರಿಸಿರಿ. ರಾಮಪಟ್ಟಾಭಿಷೇಕವೋ ಹನುಮಂತನೋ ಇದ್ದು 1616, 1717, 1818 ಎಂಬ ಇಸವಿ ಹೊತ್ತ 'ಕಂಪನಿ ನಾಣ್ಯ'ಗಳೂ ಹಾಗೆಯೇ: ಕಂಪನಿಯು ಅವನ್ನು ಅಚ್ಚುಹಾಕಲೇ ಇಲ್ಲ. ಪೂಜೆಗಿಟ್ಟುಕೊಳ್ಳಲು ಅಡ್ಡಿಯಿಲ್ಲ, ಸಾಲಮಾಡಿ ಕೊಳ್ಳಬೇಡಿರಿ. ಇನ್ನು ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಪಾಳುಗುಡಿಯ ನಂದಿಯನ್ನು ಕೆಡಹುವವರ ವಿಷಯ. ನಿಧಿಯನ್ನು ಕಾಯುವ ಸರ್ಪ ನಿಜವಾಗಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ನನಗೆ ಅನೇಕ ಸಲ ಅನ್ನಿಸಿದೆ.

ವಾಚಕ ಮಿತ್ರರು ಕೇಳಿದ ಬೆಲೆಯ ಮಾತಿಗೂ ಉತ್ತರ ಬಾಕಿಯಿದೆ. ಸ್ವಂತ ಹೊಲದಲ್ಲಿ ದೊರೆತುದಾದರೂ ನೆಲದೊಳಗಿನ ನಿಧಿ ದೊರೆತವನ ಸ್ವತ್ತಾಗಿಬಿಡುವುದಿಲ್ಲ. 1962ರ ಕರ್ನಾಟಕ ನಿಧಿ ಅಧಿನಿಯಮದಂತೆ ಜಿಲ್ಲಾಧಿಕಾರಿಗಳಿಗೆ ಬರೆದು ತಿಳಿಸಬೇಕು. ನೂರು ವರ್ಷಕ್ಕೆ ಮೀರಿದ ನಾಣ್ಯವು 1972ರ ಕಾಯಿದೆಯ ಪ್ರಕಾರ ಪುರಾವಸ್ತು. ಅದನ್ನು ದೇಶದಾಚೆಗೆ ಸಾಗಿಸುವಂತಿಲ್ಲ, ಮನಬಂದಂತೆ ವ್ಯಾಪಾರ ಮಾಡುವಂತೆಯೂ ಇಲ್ಲ. ಸ್ಮಾರಕಗಳ ಆವರಣದಲ್ಲಿ ಯಂತ್ರ ಹಿಡಿದು ನೆಲ ಕೆದಕುವುದಂತೂ ಅಪರಾಧ. ಆದುದರಿಂದ ಬರೆಯುವ ಅರ್ಜಿಯಲ್ಲಿ ಹೊಲದ ಸರ್ವೆ ನಂಬರು, ಎಷ್ಟು ಆಳದಲ್ಲಿ ಸಿಕ್ಕಿತು, ಮೂರೂ ಒಟ್ಟಿಗಿದ್ದುವೆಂಬುದು, ಇವನ್ನು ಮರೆಯದೆ ಸೇರಿಸಿರಿ. ಲಾಳಗಳಲ್ಲಿ ಒಂದನ್ನು ಬೇಕಾದರೆ ಬಾಗಿಲಿಗೆ ಹೊಡೆದುಕೊಳ್ಳಿರಿ. ಮೂರನೆಯ ಬಿಲ್ಲೆಯನ್ನು ಒಣಗಿದ ಕಾಗದದಲ್ಲಿಯೇ ಇಡಿರಿ. ಕಿಲುಬಿನಡಿಯ ಮುದ್ರೆಯನ್ನು ಎಕ್ಸ್-ರೇ ಹಿಡಿದು ನೋಡಬಹುದು, ತಿಕ್ಕಬೇಕಾಗಿಲ್ಲ. ತಾಯಿಯವರಿಗೆ ನನ್ನ ನಮಸ್ಕಾರಗಳನ್ನು ಹೇಳಿ, ಹುಣಸೆಹುಳಿ ಸಾರಿಗಿರಲೆಂದು ತಿಳಿಸಿರಿ.