ಹರಳಿನ ವಿಷದ ನಿರ್ವಚನ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿದೊಡನೆ ಟಿ. ದಾಸರಹಳ್ಳಿಯು ಸಿಕ್ಕುತ್ತದೆ. ಅದು ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರದ ಎಲ್ಲೆಯೊಳಕ್ಕೆ ಬಂದಿತು; ೨೦೧೫ರಿಂದ ಎತ್ತರದ ಕಂಬಗಳ ಮೇಲೆ ಮೆಟ್ರೋ ರೈಲು ಅದರ ನೆತ್ತಿಯ ಮೇಲೆ ಓಡಾಡುತ್ತಲಿದೆ. ಕಾರ್ಖಾನೆಗಳು ಬರುವುದಕ್ಕೆ ಮುಂಚೆ ಈ ಸೀಮೆಯು ರಾಗಿಯ ಖುಷ್ಕಿ ನೆಲ. ರಾಗಿಯ ಹೊಲವೆಂದ ಮೇಲೆ ಅಕ್ಕಡಿ ಸಾಲು ಇದ್ದೇ ಇರಬೇಕಷ್ಟೆ. ಅವರೆ, ಹುಚ್ಚೆಳ್ಳು, ಸಾಸಿವೆಗಳೊಡನೆ ಹರಳನ್ನೂ ಆ ಸಾಲುಗಳಲ್ಲಿ ಬಿತ್ತುವುದು ಹಳೆಯ ಮೈಸೂರಿನ ರೈತರ ವಾಡಿಕೆ. ಹರಳಿನ ಎಣ್ಣೆಯು ದೀಪಕ್ಕೂ ಬಂಡಿಯ ಅಚ್ಚಿಗೂ ನೆತ್ತಿಗೂ ಹೊಟ್ಟೆಗೂ ಒದಗುತ್ತಿತ್ತು; ಅದರ ಹಿಂಡಿಯು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆ ಹಿಂಡಿಯನ್ನು ದನಗಳ ಬಾಯಿಗೆ ಸಿಕ್ಕದಂತೆ ಇಡಬೇಕೆಂಬುದನ್ನು ಒಕ್ಕಲು ಮಕ್ಕಳಿಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ.

ಇಂತಹ ಮನೆಯ ಗಿಡವೊಂದು ಅಂತಾರಾಷ್ಟ್ರೀಯ ಶಸ್ತ್ರನಿಯಂತ್ರಣದ ಪ್ರಶ್ನೆಯಾದ ಬಗೆಯೂ, ಆ ಪ್ರಶ್ನೆಯನ್ನು ಪಂಡಿತರ ಮಂಡಲಿಯೊಂದು ಬಿಡಿಸಿದ ರೀತಿಯೂ ಶಬ್ದಾರ್ಥಗಳ ವಿಚಾರದಲ್ಲಿ ಆಸಕ್ತಿಯುಳ್ಳವರು ಗಮನಿಸತಕ್ಕ ಸಂಗತಿಗಳಾಗಿವೆ. ವಿಷಯವು ರಸಾಯನಶಾಸ್ತ್ರದ್ದಾದರೂ ತೊಡಕೆಲ್ಲ ಲಕ್ಷಣವಾಕ್ಯದ್ದು.

ಮೊದಲು ಹೆಸರುಗಳ ಮಾತು. ಹರಳು ಎಂಬುದಕ್ಕೆ ಕನ್ನಡದಲ್ಲಿ ಸಣ್ಣ ಕಲ್ಲು, ರತ್ನ ಎಂಬ ಅರ್ಥಗಳೂ ಉಂಟು. ಹಳಗನ್ನಡದ ರೂಪ ಪರಲ್. ಉತ್ತರದ ಜಿಲ್ಲೆಗಳಲ್ಲಿ ಈ ಗಿಡಕ್ಕೆ ಔಡಲವೆಂದು ಹೆಸರು. ಸಂಸ್ಕೃತದಲ್ಲಿ ಏರಂಡ. ೧೭೫೩ರಲ್ಲಿ ಲಿನೇಯಸನು ಇದಕ್ಕೆ ರಿಸಿನಸ್ ಕಮ್ಯುನಿಸ್ ಎಂದು ಹೆಸರಿಟ್ಟನು. ರಿಸಿನಸ್ ಎಂದರೆ ಲ್ಯಾಟಿನ್ನಿನಲ್ಲಿ ಉಣ್ಣೆ ಎಂಬ ಹುಳು. ಹೊಳೆಯುವ ಒಂದೇ ಬೀಜವನ್ನು ನೋಡಿ ನಮ್ಮ ಜನಕ್ಕೆ ರತ್ನವೂ ರೋಮಿನವರಿಗೆ ದನದ ಮೈಮೇಲಿನ ಉಣ್ಣೆಯೂ ನೆನಪಿಗೆ ಬಂದವೆಂದು ಊಹಿಸುವುದು ಸೊಗಸಾಗಿದೆ. ಕನ್ನಡದ ಮಟ್ಟಿಗೆ ಅದು ಊಹೆಯೇ ಸರಿ. ೧೮೮೮ರಲ್ಲಿ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬಾತನು ಬೀಜದ ವಿಷಾಂಶವನ್ನು ಬೇರ್ಪಡಿಸಿ ಅದಕ್ಕೆ ರಿಸಿನ್ ಎಂಬ ನಾಮಕರಣವನ್ನು ಮಾಡಿದನು.

ರಿಸಿನ್ ಒಂದು ಪ್ರೋಟೀನು. ಅದರಲ್ಲಿ ಎರಡು ಸರಪಣಿಗಳುಂಟು; ಎರಡನ್ನೂ ಗಂಧಕದ ಎರಡು ಪರಮಾಣುಗಳ ಸೇತುವೆಯೊಂದು ಕೂಡಿಸಿದೆ. ಎರಡನೆಯ ಸರಪಣಿಯು ಜೀವಕೋಶದ ಹೊರಮೈಯನ್ನು ಹಿಡಿದುಕೊಂಡು ಮೊದಲನೆಯದನ್ನು ಒಳಕ್ಕೆ ಸೇರಿಸುತ್ತದೆ. ಒಳಹೊಕ್ಕ ಮೊದಲನೆಯ ಸರಪಣಿಯು ಕೋಶದಲ್ಲಿ ಪ್ರೋಟೀನನ್ನು ನೆಯ್ಯುವ ರೈಬೋಸೋಮುಗಳನ್ನು ಕೆಡಿಸಿಬಿಡುತ್ತದೆ. ಅದು ಅಲ್ಲಿಯ ನ್ಯೂಕ್ಲಿಯಿಕ್ ಆಮ್ಲದಿಂದ ಒಂದೇ ಒಂದು ಅಡಿನೀನನ್ನು ಕಿತ್ತುಹಾಕುವುದೆಂದು ೧೯೮೭ರಲ್ಲಿ ಜಪಾನಿನ ಎಂಡೋ ಮತ್ತು ತ್ಸುರುಗಿ ಎಂಬವರು ತೋರಿಸಿಕೊಟ್ಟರು. ಒಂದು ಬಾಗಿಲು ತೆರೆಯುವ ಕೈ, ಇನ್ನೊಂದು ಕೊಲ್ಲುವ ಕೈ. ಬೇರೆಯಾದರೆ ಎರಡೂ ಬಹುಮಟ್ಟಿಗೆ ನಿರುಪದ್ರವಿಗಳು. ಈ ವಿಷವು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಆದುದರಿಂದಲೇ ಹರಳೆಣ್ಣೆಯು ಔಷಧವಾಗಿಯೂ ಹಿಂಡಿಯು ವಿಷವಾಗಿಯೂ ಉಳಿದಿವೆ. ಚೆನ್ನಾಗಿ ಕಾಯಿಸಿದರೆ ಹಿಂಡಿಯ ವಿಷವೂ ಕೆಟ್ಟುಹೋಗುತ್ತದೆ.

ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಪಶ್ಚಿಮದ ಸೈನ್ಯಗಳು ಇದನ್ನು ಅಸ್ತ್ರವನ್ನಾಗಿ ಮಾಡುವ ಯೋಚನೆಯನ್ನು ಮಾಡಿದ್ದವು. ೧೯೭೮ರಲ್ಲಿ ಬಲ್ಗೇರಿಯದ ಲೇಖಕ ಗಿಯೋರ್ಗಿ ಮಾರ್ಕೋವನು ಲಂಡನ್ನಿನ ಬೀದಿಯಲ್ಲಿ ಕಾಲಿಗೆ ನಾಟಿದ ಒಂದು ಸಣ್ಣ ಲೋಹದ ಗುಂಡಿನಿಂದ ಸತ್ತಾಗ ರಿಸಿನ್ನಿನ ಹೆಸರು ಲೋಕಪ್ರಸಿದ್ಧವಾಯಿತು. ೧೯೯೩ರ ಜನವರಿಯಲ್ಲಿ ಸಹಿಗೆ ತೆರೆದ ರಾಸಾಯನಿಕ ಶಸ್ತ್ರನಿಷೇಧದ ಒಡಂಬಡಿಕೆಯ ಮೊದಲನೆಯ ಅನುಸೂಚಿಯಲ್ಲಿ ವಿಷವಸ್ತುಗಳ ನಮೂದುಗಳು ಮೊದಲಿಗೆ ಎಂಟು ಇದ್ದುವು. ಸಾರಿನ್, ಟಾಬುನ್, ಸಾಸಿವೆ ಅನಿಲ ಮೊದಲಾದ ಆರು ಮನುಷ್ಯನು ಕಟ್ಟಿದವು, ಏಳನೆಯದು ಸ್ಯಾಕ್ಸಿಟಾಕ್ಸಿನ್, ಎಂಟನೆಯದು ರಿಸಿನ್, ಇವೆರಡೂ ನಿಸರ್ಗದವು. ಭಾರತವು ಆ ತಿಂಗಳಿನಲ್ಲಿಯೇ ಸಹಿ ಹಾಕಿ ೧೯೯೬ರಲ್ಲಿ ಅದನ್ನು ಸ್ಥಿರೀಕರಿಸಿತು. ೧೯೯೭ರ ಏಪ್ರಿಲ್ ೨೯ರಿಂದ ಒಡಂಬಡಿಕೆಯು ಜಾರಿಗೆ ಬಂದಿತು. ಮೊದಲನೆಯ ಅನುಸೂಚಿಯ ವಸ್ತುಗಳು ಒಂದು ರಾಷ್ಟ್ರದಲ್ಲಿ ಯಾವ ಕಾಲದಲ್ಲಿಯೂ ಒಟ್ಟು ಒಂದು ಟನ್ನನ್ನು ಮೀರಕೂಡದು; ಅವುಗಳನ್ನು ತಯಾರಿಸುವ ಸ್ಥಳಗಳನ್ನು ಘೋಷಿಸಿ ಪರೀಕ್ಷಕರಿಗೆ ತೆರೆದಿಡಬೇಕು.

ಇಲ್ಲಿಯೇ ಹರಳು ಕಾಲಿಗೆ ತೊಡರಿಕೊಂಡಿತು. ಹರಳಿನ ಹಿಂಡಿಯಲ್ಲಿ ರಿಸಿನ್ ನೂರಕ್ಕೆ ೧ ರಿಂದ ೫ರ ವರೆಗೆ ಇರುವುದೆಂದು ಸಾಮಾನ್ಯವಾದ ಎಣಿಕೆ. ಹಾಗಾದರೆ ೨೦ ರಿಂದ ೧೦೦ ಟನ್ನು ಹಸಿಹಿಂಡಿಯೊಳಗೆ ಒಂದು ಟನ್ನು ರಿಸಿನ್ ಸೇರಿದಂತಾಯಿತು. ಹರಳನ್ನು ಜಗತ್ತಿನಲ್ಲೆಲ್ಲ ಅತ್ಯಧಿಕವಾಗಿ ಬೆಳೆಯುವ ದೇಶ ಭಾರತವೇ. ಅದರಲ್ಲಿಯೂ ಗುಜರಾತು ಮುಂದು. ಅನುಸೂಚಿಯ ಅಕ್ಷರವನ್ನೇ ಹಿಡಿದು ಹೊರಟರೆ ಎಣ್ಣೆಯ ಗಿರಣಿಗಳೆಲ್ಲ ಶಸ್ತ್ರಾಗಾರಗಳಾಗುತ್ತಿದ್ದುವು. ಇಡೀ ದೇಶವು ಪ್ರತಿವರ್ಷವೂ ಒಡಂಬಡಿಕೆಯನ್ನು ಮುರಿದಂತಾಗುತ್ತಿತ್ತು.

ಹೇಗ್ ನಗರದಲ್ಲಿರುವ ರಾಸಾಯನಿಕ ಶಸ್ತ್ರನಿಷೇಧ ಸಂಸ್ಥೆಯ ಮಹಾನಿರ್ದೇಶಕರಿಗೆ ಇಂತಹ ವಿಷಯಗಳಲ್ಲಿ ಬುದ್ಧಿ ಹೇಳುವುದಕ್ಕಾಗಿ ೧೯೯೮ರಲ್ಲಿ ವೈಜ್ಞಾನಿಕ ಸಲಹಾ ಮಂಡಲಿಯೊಂದು ಏರ್ಪಟ್ಟಿತು. ಸದಸ್ಯರು ತಮ್ಮ ತಮ್ಮ ರಾಷ್ಟ್ರದ ವಕೀಲರಾಗಿ ಅಲ್ಲ, ವಿದ್ವಾಂಸರಾಗಿ ಕುಳಿತುಕೊಳ್ಳತಕ್ಕವರು. ಈಗ ಅವರ ಸಂಖ್ಯೆ ೨೫. ಮಂಡಲಿಯು ಹೇಳುವುದು ಸಲಹೆಯೇ ಹೊರತು ತೀರ್ಪಲ್ಲ; ನಿರ್ಣಯವು ರಾಷ್ಟ್ರಗಳ ಕೈಯಲ್ಲಿದೆ. ಆರಂಭದ ವರ್ಷಗಳಲ್ಲಿಯೇ ಮಂಡಲಿಯ ಮುಂದೆ ಬಂದ ಪ್ರಶ್ನೆಗಳಲ್ಲಿ ಹರಳು ಒಂದು. ಎಣ್ಣೆ ತೆಗೆಯುವ ಗಿರಣಿಯಲ್ಲಿ ರಿಸಿನ್ನನ್ನು ಯಾರೂ ಬೇರ್ಪಡಿಸಿ ತೆಗೆಯುವುದಿಲ್ಲ, ಕಾಯಿಸುವಾಗ ಅದು ನಾಶವೂ ಆಗುತ್ತದೆ. ಆದುದರಿಂದ ಗಿರಣಿಗಳನ್ನು ಘೋಷಣೆಯ ವಿಧಿಗೆ ಒಳಪಡಿಸಬೇಕಾಗಿಲ್ಲವೆಂದು ಮಂಡಲಿಯು ಅಭಿಪ್ರಾಯಪಟ್ಟಿತು.

ಆದರೆ ಅಷ್ಟಕ್ಕೇ ನಿಲ್ಲುವಂತಿರಲಿಲ್ಲ. ರಿಸಿನ್ ಎಂದರೆ ಯಾವುದು? ಅನುಸೂಚಿಯಲ್ಲಿರುವುದು ಒಂದು ಹೆಸರು ಮತ್ತು ರಸಾಯನ ವಸ್ತುಗಳ ನೋಂದಣಿಯ ಒಂದು ಸಂಖ್ಯೆ, ೯೦೦೯-೮೬-೩. ಹರಳಿನ ತಳಿಗಳಲ್ಲಿಯೋ ರಿಸಿನ್ನಿನ ರೂಪಗಳು ಒಂದಕ್ಕಿಂತ ಹೆಚ್ಚು. ನಮ್ಮ ತಾರ್ಕಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ಹೇಳಿದ್ದಾರೆ. ಒಂದು ರೂಪವನ್ನೇ ಹೇಳಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ, ಅದು ಅವ್ಯಾಪ್ತಿ. ಹರಳಿನಿಂದ ಬಂದ ಪ್ರೋಟೀನೆಲ್ಲವೂ ರಿಸಿನ್ ಎಂದರೆ ಕಾಯಿಸಿದ ಹಿಂಡಿಯೂ ಆಸ್ಪತ್ರೆಯ ಔಷಧವೂ ಸಿಕ್ಕಿಬೀಳುತ್ತವೆ, ಅದು ಅತಿವ್ಯಾಪ್ತಿ. ಆಸ್ಪತ್ರೆಯ ಮಾತು ಬರಿಯ ಉದಾಹರಣೆಗಾಗಿ ಹೇಳಿದ್ದಲ್ಲ. ಕೊಲ್ಲುವ ಸರಪಣಿಯೊಂದನ್ನೇ ತೆಗೆದು ಪ್ರತಿವಿಷಕಣಕ್ಕೆ ಜೋಡಿಸಿ ಅರ್ಬುದ ರೋಗದ ಕೋಶಗಳ ಮೇಲೆ ಪ್ರಯೋಗಿಸುವ ಪ್ರಯತ್ನಗಳು ಬಹುಕಾಲದಿಂದ ನಡೆದಿವೆ.

ಮಂಡಲಿಯು ಕೊಟ್ಟ ನಿರ್ವಚನದ ತಾತ್ಪರ್ಯವು ಹೀಗಿದೆ: ಹರಳುಗಿಡದಿಂದ ಹುಟ್ಟಿದ ಎಲ್ಲ ರೂಪಗಳೂ, ನಿಸರ್ಗದಿಂದಾದ ವ್ಯತ್ಯಾಸಗಳೂ, ವಿಷವನ್ನು ಉಳಿಸಿಕೊಳ್ಳುವುದಕ್ಕೆ ಇಲ್ಲವೆ ಹೆಚ್ಚಿಸುವುದಕ್ಕೆ ಮನುಷ್ಯನು ಮಾಡಿದ ಮಾರ್ಪಾಟುಗಳೂ ರಿಸಿನ್ನೇ, ಆದರೆ ಎರಡು ಸರಪಣಿಗಳು ಗಂಧಕದ ಸೇತುವೆಯಿಂದ ಕೂಡಿಕೊಂಡಿರುವವರೆಗೆ ಮಾತ್ರ. ಸೇತುವೆಯು ಮುರಿದರೆ, ಅಥವಾ ಪ್ರೋಟೀನು ತನ್ನ ಸ್ವರೂಪವನ್ನು ಕಳೆದುಕೊಂಡರೆ, ಅದು ಇನ್ನು ರಿಸಿನ್ ಅಲ್ಲ.

ಈ ವಾಕ್ಯದ ಬಿಗಿ ಮೆಚ್ಚತಕ್ಕದ್ದು. ಹುಟ್ಟಿನಿಂದ ಒಂದು ಗೆರೆಯನ್ನೂ ಆಕಾರದಿಂದ ಇನ್ನೊಂದು ಗೆರೆಯನ್ನೂ ಎಳೆದು, ಕೊಲ್ಲುವ ಶಕ್ತಿಯು ಯಾವ ಬಂಧದಲ್ಲಿ ನಿಂತಿದೆಯೋ ಆ ಬಂಧವನ್ನೇ ಅಸಾಧಾರಣ ಧರ್ಮವನ್ನಾಗಿ ಮಾಡಲಾಗಿದೆ. ಹಾಗೆಂದು ಇದು ನಿರ್ದುಷ್ಟವಲ್ಲ. ಎರಡು ಸರಪಣಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡವನ ಬಳಿ, ಶಬ್ದಾರ್ಥದಂತೆ, ರಿಸಿನ್ ಇಲ್ಲ. ಇನ್ನೂ ಒಂದು ಸಂದೇಹ: ಹರಳಿನ ಜೀನನ್ನು ಬೇರೊಂದು ಜೀವಕೋಶಕ್ಕೆ ಸೇರಿಸಿ ಅಲ್ಲಿಯೇ ಬೆಳೆಸಿದರೆ ಅದು ಹರಳುಗಿಡದಿಂದ ಹುಟ್ಟಿದ್ದೆನ್ನಬಹುದೆ? ರಸಾಯನ ಮತ್ತು ಜೀವಶಾಸ್ತ್ರಗಳು ಒಂದರೊಳಗೊಂದು ಸೇರಿಕೊಳ್ಳುವುದರ ವಿಚಾರವನ್ನು ಮಂಡಲಿಯು ಮುಂದೆ ಪ್ರತ್ಯೇಕವಾದ ಕಾರ್ಯತಂಡವೊಂದಕ್ಕೆ ಒಪ್ಪಿಸಿ ೨೦೧೪ರಲ್ಲಿ ಅದರ ವರದಿಯನ್ನು ಪಡೆಯಿತು. ಇಂತಹ ಬಿರುಕುಗಳನ್ನು ಮುಚ್ಚುವುದು ಒಡಂಬಡಿಕೆಯ ಮೂಲಸೂತ್ರ: ಪಟ್ಟಿಯಲ್ಲಿರಲಿ ಇಲ್ಲದಿರಲಿ, ಕೊಲ್ಲುವ ಉದ್ದೇಶದಿಂದ ತಯಾರಿಸಿದ ಅಥವಾ ಇಟ್ಟುಕೊಂಡ ಯಾವ ವಿಷವಸ್ತುವೇ ಆಗಲಿ ಶಸ್ತ್ರವೇ ಸರಿ.

ಆ ಸೂತ್ರದ ಬೆಲೆ ತಿಳಿಯಬೇಕಾದರೆ ಗುಲಗಂಜಿಯನ್ನು ನೋಡಬೇಕು. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದ ಈ ಕೆಂಪು ಬೀಜದಲ್ಲಿ ಏಬ್ರಿನ್ ಎಂಬ ವಿಷವಿದೆ. ಅದೂ ಎರಡು ಸರಪಣಿ ಮತ್ತು ಗಂಧಕದ ಸೇತುವೆಯುಳ್ಳ ಪ್ರೋಟೀನೇ. ಬಲದಲ್ಲಿ ರಿಸಿನ್ನಿಗಿಂತ ಮೇಲು. ಹತ್ತೊಂಬತ್ತನೆಯ ಶತಮಾನದ ನ್ಯಾಯವೈದ್ಯ ಗ್ರಂಥಗಳಲ್ಲಿ, ಚರ್ಮದ ಆಸೆಗಾಗಿ ಗುಲಗಂಜಿಯ ಮುಳ್ಳನ್ನು ಮಾಡಿ ದನಗಳನ್ನು ಚುಚ್ಚಿ ಕೊಲ್ಲುತ್ತಿದ್ದ ಸಂಗತಿಯು ದಾಖಲಾಗಿದೆ. ಆದರೂ ಒಡಂಬಡಿಕೆಯ ಅನುಸೂಚಿಗಳಲ್ಲಿ ಏಬ್ರಿನ್ನಿನ ಹೆಸರಿಲ್ಲ. ಆಯುರ್ವೇದದ ಎಣಿಕೆಯು ಇದಕ್ಕೆ ತಲೆಕೆಳಗು: ಗುಂಜೆಯು ಉಪವಿಷಗಳ ಪಂಕ್ತಿಯಲ್ಲಿ ಕುಳಿತಿದೆ, ಏರಂಡವು ವಾತಹರವಾದ ಔಷಧವೆಂದು ಮನ್ನಣೆ ಪಡೆದಿದೆ. ಗುಂಜೆಯನ್ನು ಬಟ್ಟೆಯಲ್ಲಿ ಕಟ್ಟಿ ದೋಲಾಯಂತ್ರದಲ್ಲಿ ಹಾಲಿನಲ್ಲಾಗಲಿ ಗಂಜಿಯಲ್ಲಾಗಲಿ ಬೇಯಿಸಿ ಶುದ್ಧಿಮಾಡಬೇಕೆಂಬ ವಿಧಿಯೂ ಉಂಟು. ಹೇಗಿನ ಮಂಡಲಿಯು ಸ್ವರೂಪ ಕಳೆದುಕೊಂಡ ಪ್ರೋಟೀನು ಎಂದದ್ದನ್ನೇ ಹಳೆಯ ವೈದ್ಯರು ಶೋಧನವೆಂದು ಕರೆದಂತೆ ತೋರುತ್ತದೆ. ಆದರೂ ಅವರಿಗೆ ಪ್ರೋಟೀನಿನ ಕಲ್ಪನೆಯಿತ್ತೆಂದು ಹೊಗಳುವುದು ಮಾತ್ರ ಅತಿಯಾದೀತು.

ಏಳನೆಯ ನಮೂದಾದ ಸ್ಯಾಕ್ಸಿಟಾಕ್ಸಿನ್ನೂ ಕನ್ನಡಿಗರಿಗೆ ಅಪರಿಚಿತವಲ್ಲ. ಕಾಸರಗೋಡಿನ ಕುಂಬಳೆಯ ಹೊಳೆಯಲ್ಲಿ ಹಿಡಿದ ಚಿಪ್ಪುಮೀನನ್ನು ತಿಂದು ೧೯೮೩ರಲ್ಲಿ ಹಲವರು ಆಸ್ಪತ್ರೆಗೆ ಸೇರಿದರು. ಒಬ್ಬ ಹುಡುಗನು ಸತ್ತನು. ಮಂಗಳೂರಿನ ಮತ್ಸ್ಯವಿಜ್ಞಾನ ಕಾಲೇಜಿನ ಸಂಶೋಧಕರು ಇದು ಚಿಪ್ಪುಮೀನಿನ ಪಾರ್ಶ್ವವಾಯು ವಿಷವೆಂದು ಗುರುತಿಸಿ, ಮರುವರ್ಷ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಯಾಕ್ಸಿಟಾಕ್ಸಿನ್ ಈ ಬಗೆಯ ವಿಷಗಳ ಮುಖ್ಯ ಪ್ರತಿನಿಧಿ. ಇಂತಹ ಪರೀಕ್ಷೆಗೆ ಅಳತೆಗೋಲಾಗಿ ಶುದ್ಧವಾದ ವಿಷವು ಸ್ವಲ್ಪ ಬೇಕೇಬೇಕು. ಒಡಂಬಡಿಕೆಯ ಮೊದಲ ಪಾಠದಂತೆ ಅದನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳುಹಿಸಬೇಕಾದರೆ ೩೦ ದಿನ ಮುಂಚಿತವಾಗಿ ತಿಳಿಸಬೇಕಾಗಿತ್ತು. ಅಷ್ಟರಲ್ಲಿ ವಿಷದ ಊಟವಾಗಿ ಆಸ್ಪತ್ರೆಯ ಕೆಲಸವೂ ಮುಗಿದಿರುತ್ತಿತ್ತು. ೧೯೯೯ರ ಅಕ್ಟೋಬರ್ ೩೧ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ವೈದ್ಯಕೀಯ ಅಥವಾ ರೋಗಪರೀಕ್ಷೆಯ ಉದ್ದೇಶಕ್ಕಾಗಿ ೫ ಮಿಲಿಗ್ರಾಮು ಮೀರದಷ್ಟು ಸ್ಯಾಕ್ಸಿಟಾಕ್ಸಿನ್ನನ್ನು ಕಳುಹಿಸುವಾಗಲೇ ತಿಳಿಸಿದರೆ ಸಾಕೆಂದಾಯಿತು.

ಮರಳಿ ದಾಸರಹಳ್ಳಿಗೆ. ಅಕ್ಕಡಿ ಸಾಲುಗಳಿದ್ದ ಸೀಮೆಯಲ್ಲಿ ಇಂದು ಲೋಹವನ್ನು ಕೊರೆಯುವ, ಮೆರುಗು ಹಾಕುವ ಸಣ್ಣ ಕಾರ್ಖಾನೆಗಳು. ಕೊರೆಯುವ ಅಲಗಿನ ಮೇಲೆ ಹಾಯಿಸುವ ಹಾಲಿನಂತಹ ತಣ್ಪುದ್ರವಗಳಲ್ಲಿ ತುಕ್ಕು ಹಿಡಿಯದಂತೆ ಟ್ರೈಎಥನೋಲಮೀನ್ ಎಂಬುದನ್ನು ಸೇರಿಸುವುದು ಸಾಮಾನ್ಯ. ಅದು ಒಡಂಬಡಿಕೆಯ ಮೂರನೆಯ ಅನುಸೂಚಿಯ ೧೭ನೆಯ ನಮೂದು. ಸಾರಜನಕದ ಸಾಸಿವೆ ಅನಿಲಕ್ಕೆ ಅದು ಮೂಲದ್ರವ್ಯವಾಗಬಲ್ಲದು. ಮೈಗೆ ಹಚ್ಚುವ ಕ್ರೀಮುಗಳಲ್ಲಿಯೂ ಅದೇ ಇದೆ. ಈ ಅನುಸೂಚಿಯಲ್ಲಿ ಘೋಷಣೆಯು ತಯಾರಿಕೆ, ಆಮದು, ರಫ್ತುಗಳಿಗೆ ಮಾತ್ರ. ತಯಾರಿಸುವವನಾದರೂ ವರ್ಷಕ್ಕೆ ೩೦ ಟನ್ನನ್ನು ದಾಟಿದರೆ ಘೋಷಿಸಬೇಕು, ೨೦೦ ಟನ್ನನ್ನು ದಾಟಿದರೆ ಪರೀಕ್ಷಕರು ಬರಬಹುದು. ಬಳಸುವ ಕಾರ್ಖಾನೆಯವನನ್ನು ಯಾರೂ ಕೇಳುವುದಿಲ್ಲ. ತಣ್ಪುದ್ರವದಲ್ಲಿ ಈ ವಸ್ತುವು ಅನೇಕ ವೇಳೆ ಕೊಬ್ಬಿನಾಮ್ಲಗಳೊಡನೆ ಕೂಡಿ ಲವಣವಾಗಿರುತ್ತದೆ; ಆ ಆಮ್ಲಗಳಲ್ಲಿ ಹರಳೆಣ್ಣೆಯಿಂದ ಬಂದವೂ ಉಂಟು. ಲವಣಕ್ಕೆ ನೋಂದಣಿಯ ಸಂಖ್ಯೆಯೇ ಬೇರೆ. ಅದರ ಹೆಸರು ಅನುಸೂಚಿಯಲ್ಲಿಲ್ಲ. ಮೂಲವಸ್ತುವನ್ನೂ ಅದರ ಲವಣವನ್ನೂ ಬೇರೆಯಾಗಿ ಕಾಣತಕ್ಕದ್ದಲ್ಲವೆಂದು ಸಲಹಾ ಮಂಡಲಿಯು ಹೇಳಿತು. ಒಂದರಿಂದ ಇನ್ನೊಂದನ್ನು ಪಡೆಯುವುದು ರಸಾಯನಶಾಸ್ತ್ರದ ವಿದ್ಯಾರ್ಥಿಗೂ ಸುಲಭವಾದುದರಿಂದ ಈ ಮಾತು ಯುಕ್ತವೇ.

ಅದೇ ಪೀಣ್ಯದಲ್ಲಿ ಲೋಹಕ್ಕೆ ಮೆರುಗು ಹಾಕುವ ಕೆಲಸದಿಂದ ಹರಿದುಹೋದ ಆರುವೇಲೆನ್ಸಿಯ ಕ್ರೋಮಿಯಮ್ ಅಂತರ್ಜಲದಲ್ಲಿ ಸೇರಿರುವುದನ್ನು ಪರೀಕ್ಷೆಗಳು ತೋರಿಸಿವೆ. ಅದು ಅರ್ಬುದವನ್ನು ಉಂಟುಮಾಡತಕ್ಕ ವಸ್ತು. ಹೇಗಿನ ಮೂರು ಅನುಸೂಚಿಗಳಲ್ಲಿ ಎಲ್ಲಿಯೂ ಅದರ ಹೆಸರು ಇಲ್ಲ, ಇರಬೇಕಾದುದೂ ಇಲ್ಲ; ಆ ಪಟ್ಟಿಯು ಶಸ್ತ್ರಗಳದ್ದು, ವಿಷಗಳದ್ದಲ್ಲ. ಕ್ರೋಮಿಯಮ್ಮಿನ ಲೆಕ್ಕವು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಯ ಕಡತಗಳಿಗೆ ಸೇರಿದ್ದು.