ಬೇಲಿಗಿಂತ ಮೊಬೈಲ್ ಮೇಲು

ಮಲೆನಾಡಿನಲ್ಲಿ ಆನೆ ತಡೆಯಲು ಹಾಕುವ ಸೋಲಾರ್ ಬೇಲಿಗೆ ಐಬೆಕ್ಸ್ ಬೇಲಿ ಎಂದೇ ಹೆಸರು. ಕಂಪನಿಯ ಹೆಸರು ಸಾಮಾನಿಗೇ ಅಂಟಿಕೊಂಡಿದೆ. ಹಗಲು ಬಿಸಿಲಿಗೆ ತುಂಬಿಕೊಂಡ ಬ್ಯಾಟರಿಯಿಂದ ಎನರ್ಜೈಸರ್ ಎಂಬ ಪುಟ್ಟ ಪೆಟ್ಟಿಗೆ ಸೆಕೆಂಡಿಗೊಮ್ಮೆ ಎಂಬಂತೆ ತಂತಿಗೆ ಸಾವಿರಾರು ವೋಲ್ಟಿನ ಏಟು ಕಳಿಸುತ್ತದೆ. ಏಟು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರದು. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟನ್ನೇ ತಂತಿಗೆ ಎಳೆಯುವವರೂ ಇದ್ದಾರೆ. ಅದನ್ನು ಬೇಲಿ ಎನ್ನಲು ನಾಲಿಗೆ ಏಳುವುದಿಲ್ಲ; ಕಾನೂನಿನ ಪ್ರಕಾರ ಅಪರಾಧವೂ ಹೌದು.

ಆನೆ ಸುಮ್ಮನಿರುವ ಪ್ರಾಣಿಯೇ? ದಂತಕ್ಕೆ ಶಾಕ್ ತಗಲುವುದಿಲ್ಲವೆಂದು ಅರಿತ ಸಲಗ ದಂತದಿಂದಲೇ ತಂತಿ ಕಿತ್ತುಹಾಕುತ್ತದೆ. ದಂತವಿಲ್ಲದ ಹೆಣ್ಣಾನೆ ಪಕ್ಕದ ಮರವನ್ನೇ ಬೇಲಿಯ ಮೇಲೆ ಕೆಡವುತ್ತದೆ. ಹಾಗಾಗಿ ಈಗ ತೂಗುಬೇಲಿ ಬಂದಿದೆ. ಎತ್ತರದ ತಂತಿಯಿಂದ ಎಳೆಗಳು ಆಲದ ಬಿಳಲಿನಂತೆ ಇಳಿಬಿದ್ದಿರುತ್ತವೆ. ಕಂಬದ ಹತ್ತಿರ ಬರುವ ಮೊದಲೇ ಸೊಂಡಿಲಿಗೆ ಏಟು. ಆದರೆ ಮಳೆಗಾಲದಲ್ಲಿ ಹಬ್ಬಿದ ಲಂಟಾನ ತಂತಿಗೆ ತಾಗಿದರೆ ಸಾಕು, ಕರೆಂಟೆಲ್ಲ ನೆಲಕ್ಕೆ ಸೋರಿಹೋಗುತ್ತದೆ. ಕತ್ತಿ ಹಿಡಿದು ಗಿಡ ಸವರುವ ಆಳಿಲ್ಲದಿದ್ದರೆ ಹಾಕಿದ ದುಡ್ಡೆಲ್ಲ ನೀರುಪಾಲು. ನಾಗರಹೊಳೆ ಅಂಚಿನಲ್ಲಿ ರೈಲು ಹಳಿಗಳಿಂದಲೇ ಕಟ್ಟಿದ ತಡೆಬೇಲಿಗೆ ಈ ಕಾಟವಿಲ್ಲ ನಿಜ, ಆದರೆ 2018ರಲ್ಲಿ ಅದನ್ನು ದಾಟಲು ಹೋದ ಸಲಗವೊಂದು ಸಿಕ್ಕಿಕೊಂಡು ಪ್ರಾಣಬಿಟ್ಟಿತು.

ಬೇಲಿಯ ಗೊಡವೆ ಬಿಟ್ಟು ಬೇರೆ ದಾರಿ ಹಿಡಿದವರು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಸಂಗಡಿಗರು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ತುಳಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಆನೆ ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಆನೆಯನ್ನು ಹೆದರಿಸಿ ಆಗಬೇಕಾದ್ದೇನು? ಜನರಿಗೆ ಸುದ್ದಿ ಮುಟ್ಟಿಸೋಣ ಎಂದುಕೊಂಡರು. ಮೊದಲು ಊರಿನ ಕೇಬಲ್ ಟಿವಿಯಲ್ಲಿ, ಆಮೇಲೆ ಎಸ್‌ಎಂಎಸ್‌ನಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಹರಿಯಿತು. ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳು ನಿಂತವು. ಒಂದು ಮೊಬೈಲ್ ಕರೆ ಮಾಡಿದರೆ ದೀಪ ಹತ್ತುತ್ತದೆ. ಕತ್ತಲಲ್ಲಿ ಬಸ್ಸಿಳಿದವರು ಅದನ್ನು ನೋಡಿ ಹುಷಾರಾಗುತ್ತಾರೆ. ಈ ಕೆಲಸಕ್ಕೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಬಂದದ್ದು ನ್ಯಾಯವೇ.

ಹಾಸನ, ಕೊಡಗಿನಲ್ಲೂ ಈಗ ಆನೆಗಳಿಗೆ ರೇಡಿಯೊ ಕಾಲರ್ ಇದೆ, ಮೆಸೇಜು ಬರುತ್ತದೆ. ಸಾಲದು. ಬೆಳಗ್ಗೆ ಮಂಜಿನಲ್ಲಿ ಮೊದಲು ಕಾಫಿ ತೋಟಕ್ಕಿಳಿಯುವವರಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರಿಗೆ ಕನ್ನಡದ ಮೆಸೇಜು ಕಳಿಸಿ ಏನು ಪ್ರಯೋಜನ? ಅವರವರ ಭಾಷೆಯಲ್ಲೇ ಫೋನ್ ಮಾಡಿ ಹೇಳುವ ವ್ಯವಸ್ಥೆ ಬೇಕು, ಅದೂ ಮುಂದಿನ ಕೊಯ್ಲು ಶುರುವಾಗುವುದರೊಳಗೆ.